ಹಿಂಡಿದ ನಿಂಬೆಹಣ್ಣು ಮತ್ತು ಅಮ್ಮನ ಫೋನು

"ಪುಟ್ಟಿ ಫೋಟೋನೆಲ್ಲಾ ಅಳಿಸ್ಲೇಬೇಕೇನೇ?" ಅಂತ ಅಮ್ಮ ಕೇಳಿದಾಗ ದನಿ ಸಣ್ಣಗಾಗಿತ್ತು. 64 ಜಿಬಿ ಫೋನು, 'ಸ್ಟೋರೇಜ್ ಫುಲ್' ಅಂತ ಹಠ ಹಿಡಿದಿತ್ತು. ಯಾರೋ ಹೇಳಿದರು ಅಂತ ಕಂಪ್ರೆಸ್ ಮಾಡೋ ಆ್ಯಪ್ ಬೇರೆ ಹಾಕಿಕೊಂಡಿದ್ದರು. ಅದು ಅಕ್ಕನ ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೊವನ್ನೇ ಮಸುಕು ಮಾಡಿಟ್ಟಿತ್ತು! ಅಕ್ಕನ ಫೋನಿನಲ್ಲಿ ಮೂಲ ಉಳಿದಿದ್ದು ನಮ್ಮ ಪುಣ್ಯ.

ನಿಜ ಹೇಳಬೇಕಂದ್ರೆ, ಒತ್ತಿ ಚಿಕ್ಕದು ಮಾಡುವ ಕೆಲಸವನ್ನು ಎಷ್ಟೋ ಆಂಡ್ರಾಯ್ಡ್ ಫೋನುಗಳು ತಾವೇ ಮಾಡಿಕೊಂಡಿರುತ್ತವೆ. ಯಾವ ಫೈಲ್ ಚಿಪ್‌ನಲ್ಲಿ ಎಲ್ಲಿದೆ ಅಂತ ಲೆಕ್ಕ ಇಡೋದು ಫೈಲ್ ಸಿಸ್ಟಮ್. ಹುವಾವೆಯವರು ರೂಪಿಸಿದ 'ಇರೋಫ್ಸ್' ಅಂಥದ್ದೊಂದು. 2019ರಲ್ಲಿ ಅವರ ಫೋನುಗಳಿಗೆ ಬಂತು, ಈಗ ಬೇರೆ ಕಂಪನಿಗಳ ಫೋನಿನಲ್ಲೂ ಇದೆ. ಇದು ಓದಲು ಮಾತ್ರ, ಬರೆಯಲು ಅಲ್ಲ. ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಬರುವವರೆಗೆ ಬದಲಾಗುವುದಿಲ್ಲ, ಹಾಗಾಗಿ ಅದನ್ನು ಬಿಗಿಯಾಗಿ ಕಟ್ಟಿಡಬಹುದು. ಬಿಚ್ಚೋಕೆ ತಡವಾಗಲ್ವಾ? ಚಿಪ್‌ನಿಂದ ಓದಬೇಕಾದ್ದೇ ಕಡಿಮೆಯಾಗುವುದರಿಂದ ಆ ಹೊತ್ತು ಬಹುಮಟ್ಟಿಗೆ ಸರಿಹೋಗುತ್ತೆ.

ನಮ್ಮ ಆ್ಯಪ್, ಫೋಟೋ ಇರುವ ಭಾಗಕ್ಕೆ ಹಲವು ಫೋನುಗಳಲ್ಲಿ ಸ್ಯಾಮ್‌ಸಂಗ್ ರೂಪಿಸಿದ 'ಎಫ್2ಎಫ್ಎಸ್' ಇರುತ್ತೆ. 2020ರಲ್ಲಿ ಇದಕ್ಕೂ ಕಂಪ್ರೆಶನ್ ಸೇರಿತು. ತಮಾಷೆ ಏನಂದ್ರೆ, ಹಾಗೆ ಉಳಿದ ಜಾಗವನ್ನು ಅದು ತಾನಾಗಿ ನಮ್ಮ ಕೈಗೆ ಕೊಡಲ್ಲ! ಬರೆಯುವುದು ಕಡಿಮೆಯಾದರೆ ಚಿಪ್ ಸವೆಯುವುದೂ ಕಡಿಮೆ, ಮುಖ್ಯ ಲಾಭ ಅದೇ.

ಇನ್ನು ಫೋಟೋ, ವಿಡಿಯೊ. ಜೆಪೆಗ್, ಎಂಪಿ4 ಎಲ್ಲಾ ಕ್ಯಾಮೆರಾದಿಂದ ಬರುವಾಗಲೇ ಕಂಪ್ರೆಸ್ ಆಗಿರುತ್ತವೆ. ಹಿಂಡಿದ ನಿಂಬೆಹಣ್ಣನ್ನು ಮತ್ತೆ ಹಿಂಡಿದರೆ ರಸ ಎಲ್ಲಿಂದ ಬರಬೇಕು? ಆಮೇಲೂ ಚಿಕ್ಕದಾಯ್ತು ಅಂದ್ರೆ ಚಿತ್ರದ ಗುಣಮಟ್ಟ ಹೋಯ್ತು ಅಂತಲೇ ಅರ್ಥ.

ಹಾಗಾಗಿ ನಾನು ಮೊದಲು ಆ ಆ್ಯಪ್ ತೆಗೆದೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ 'ಮ್ಯಾನೇಜ್ ಸ್ಟೋರೇಜ್' ತೆರೆದು ಗುಡ್ ಮಾರ್ನಿಂಗ್ ವಿಡಿಯೊಗಳನ್ನೆಲ್ಲ ಗುಡಿಸಿದೆ. ಪುಟ್ಟಿಯ ಫೋಟೋಗಳನ್ನು ಲ್ಯಾಪ್‌ಟಾಪ್‌ಗೂ ಒಂದು ಪೆನ್‌ಡ್ರೈವ್‌ಗೂ ಕಾಪಿ ಮಾಡಿ, ತೆರೆದು ನೋಡಿ, ಆಮೇಲಷ್ಟೇ ಫೋನಿನಿಂದ ಹಳೆಯವನ್ನು ಅಳಿಸಿದೆ.

ನೀವೂ ಸ್ವಲ್ಪ ಜಾಗ ಯಾವಾಗಲೂ ಖಾಲಿ ಬಿಡಿ. ಫ್ಲ್ಯಾಶ್ ಚಿಪ್‌ನಲ್ಲಿ ಹಳೆಯದರ ಮೇಲೇ ಹೊಸದನ್ನು ಬರೆಯಲು ಆಗಲ್ಲ, ಖಾಲಿ ಜಾಗ ಬೇಕೇ ಬೇಕು. ತುಂಬಿ ತುಳುಕಿದರೆ ಫೋನು ನಿಧಾನ ಆಗೋದು ಅದಕ್ಕೇ.

ಮೊದಲ ಹೆಜ್ಜೆಯ ವಿಡಿಯೊ ಅಕ್ಕ ಮತ್ತೆ ಕಳಿಸಿದಳು. ಅಮ್ಮ ಅದನ್ನು ಈಗ ದಿನಕ್ಕೆ ನಾಲ್ಕು ಸಲ ನೋಡ್ತಾರೆ.