ಯಂತ್ರದ ಮಾತಿಗೆ ಮಾಲೀಕರೇ ಹೊಣೆ

ಕೃತಕ ಬುದ್ಧಿಮತ್ತೆ ತಪ್ಪು ಹೇಳಿದರೆ ಅದಕ್ಕೆ ಹೊಣೆ ಅದನ್ನು ಬಳಸಿದ ಸಂಸ್ಥೆಯೇ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಏರ್ ಕೆನಡಾ ಪ್ರಕರಣದಲ್ಲಿ ಇದನ್ನೇ ಹೇಳಿತು. ಅಜ್ಜಿ ತೀರಿಕೊಂಡಿದ್ದರಿಂದ ತುರ್ತಾಗಿ ಹೊರಡಬೇಕಿದ್ದ ಪ್ರಯಾಣಿಕರೊಬ್ಬರು ರಿಯಾಯಿತಿ ದರದ ಬಗ್ಗೆ ಕಂಪನಿಯ ಚಾಟ್‌ಬಾಟ್‌ನಲ್ಲಿ ವಿಚಾರಿಸಿದ್ದರು. ಟಿಕೆಟ್ ಪಡೆದ 90 ದಿನದೊಳಗೆ ಅರ್ಜಿ ಹಾಕಿದರೆ ರಿಯಾಯಿತಿಯ ಹಣ ವಾಪಸ್ ಸಿಗುತ್ತದೆ ಎಂದು ಅದು ಉತ್ತರಿಸಿತ್ತು. ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇಲ್ಲವೆಂಬ ನಿಜವಾದ ನಿಯಮ ಅದೇ ವೆಬ್‌ಸೈಟಿನ ಇನ್ನೊಂದು ಪುಟದಲ್ಲಿತ್ತು. ಕಂಪನಿ ಅದನ್ನೇ ತೋರಿಸಿ ಕೈತೊಳೆದುಕೊಳ್ಳಲು ನೋಡಿತು. ಒಂದು ಪುಟ ನಂಬಿ, ಇನ್ನೊಂದನ್ನು ನಂಬಬೇಡಿ ಎಂದರೆ ಗ್ರಾಹಕರಿಗೆ ತಿಳಿಯುವುದು ಹೇಗೆ ಎಂದು ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿತು. ಕೊಡಬೇಕಾಗಿ ಬಂದದ್ದು ಸುಮಾರು 812 ಕೆನಡಿಯನ್ ಡಾಲರ್ ಮಾತ್ರ. ಆದರೆ ಆ ತೀರ್ಪಿನ ತತ್ವ ದೊಡ್ಡದು.

ನೇಮಕಾತಿಯಲ್ಲಿ ಅಪಾಯ ಇನ್ನೂ ಹೆಚ್ಚು. ಆನ್‌ಲೈನ್ ಪಾಠದ ಐಟ್ಯೂಟರ್‌ಗ್ರೂಪ್‌ನ ತಂತ್ರಾಂಶ 55 ತುಂಬಿದ ಮಹಿಳೆಯರ, 60 ತುಂಬಿದ ಪುರುಷರ ಅರ್ಜಿಗಳನ್ನು ತಾನಾಗಿಯೇ ತಿರಸ್ಕರಿಸುತ್ತಿತ್ತು ಎಂದು ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗ ಆರೋಪಿಸಿತು. ಅದು ಬಯಲಾದದ್ದು ಅರ್ಜಿದಾರರೊಬ್ಬರು ಹುಟ್ಟಿದ ದಿನಾಂಕವನ್ನಷ್ಟೇ ಬದಲಿಸಿ ಅದೇ ಅರ್ಜಿಯನ್ನು ಮತ್ತೆ ಕಳಿಸಿ ಸಂದರ್ಶನಕ್ಕೆ ಕರೆ ಪಡೆದಾಗ. 2023ರಲ್ಲಿ ಕಂಪನಿ 3,65,000 ಡಾಲರ್ ತೆತ್ತು ರಾಜಿಯಾಯಿತು.

ಯುರೋಪಿಯನ್ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂದು, ಹಂತಹಂತವಾಗಿ ಅನ್ವಯವಾಗುತ್ತಿದೆ. ನಿಷೇಧಿತ ಬಳಕೆಗೆ ಗರಿಷ್ಠ ದಂಡ 3.5 ಕೋಟಿ ಯೂರೋ ಅಥವಾ ವಾರ್ಷಿಕ ಜಾಗತಿಕ ವಹಿವಾಟಿನ ಶೇ 7, ಯಾವುದು ಹೆಚ್ಚೋ ಅದು. ತಂತ್ರಾಂಶದ ಫಲಿತಾಂಶ ಯುರೋಪಿನಲ್ಲಿ ಬಳಕೆಯಾದರೆ ಬೆಂಗಳೂರಿನ ಕಂಪನಿಯೂ ಈ ಕಾಯ್ದೆಯ ವ್ಯಾಪ್ತಿಗೆ ಬರಬಹುದು.

ಭಾರತದಲ್ಲಿ ಕೃತಕ ಬುದ್ಧಿಮತ್ತೆಗೆಂದೇ ಪ್ರತ್ಯೇಕ ಕಾಯ್ದೆ ಇನ್ನೂ ಇಲ್ಲ. ಹಾಗೆಂದು ನಿರಾಳವಾಗಿ ಕೂರುವುದು ತಪ್ಪು. ಸುಳ್ಳು ಜಾಹೀರಾತನ್ನು ಯಂತ್ರವೇ ಬರೆದಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿಗೆ ಸರಿಯಾದ ಭದ್ರತೆ ಕೊಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಮಾಹಿತಿ ನಿರ್ವಹಣೆಯ ಕೆಲಸವನ್ನು ಹೊರಗಿನವರಿಗೆ ವಹಿಸಿದ್ದರೂ ಹೊಣೆ ಅದನ್ನು ವಹಿಸಿದ ಸಂಸ್ಥೆಯದೇ. ಲೆಕ್ಕಪತ್ರದ ಗುಮಾಸ್ತರು ಪತ್ರ ಬರೆಸಿಕೊಳ್ಳಲು ನೌಕರರ ಸಂಬಳದ ಪಟ್ಟಿ, ಆಧಾರ್ ಸಂಖ್ಯೆಗಳನ್ನು ಉಚಿತ ಚಾಟ್‌ಬಾಟ್‌ಗೆ ಹಾಕಿದ ಕ್ಷಣದಲ್ಲೇ ಆ ಮಾಹಿತಿ ಕಚೇರಿಯ ಹಿಡಿತ ತಪ್ಪುತ್ತದೆ. ಇಂಥದ್ದನ್ನು ತಡೆಯಲು ದುಬಾರಿ ವಕೀಲರು ಬೇಕಿಲ್ಲ, ಕಚೇರಿಯಲ್ಲಿ ಒಂದು ಪುಟದ ಲಿಖಿತ ನಿಯಮವಿದ್ದರೆ ಸಾಕು.

ಯಾವ ಮಾಹಿತಿ ಹೊರಗೆ ಹೋಗಕೂಡದು, ಯಂತ್ರದ ಉತ್ತರವನ್ನು ಕಳಿಸುವ ಮುನ್ನ ಯಾರು ಓದಬೇಕು, ಸಾಲ ಅಥವಾ ಕೆಲಸ ನಿರಾಕರಿಸುವ ಕೊನೆಯ ಸಹಿ ಯಾವ ಅಧಿಕಾರಿಯದು, ನಷ್ಟವಾದರೆ ತಂತ್ರಾಂಶ ಮಾರಿದವರು ಎಷ್ಟು ಭರಿಸಬೇಕು ಎಂಬುದೆಲ್ಲ ಆ ನಿಯಮದಲ್ಲಿರಬೇಕು. ಪ್ರತಿ ಅಂಗಡಿ, ಕಾರ್ಖಾನೆ, ಸಹಕಾರ ಸಂಘದ ಆಡಳಿತ ಮಂಡಳಿ ಮುಂದಿನ ಸಭೆಯಲ್ಲೇ ಈ ಒಂದು ಪುಟದ ನಿಯಮವನ್ನು ಬರೆದು ಅಂಗೀಕರಿಸಲಿ.