ಹೆಸರು ಮುಚ್ಚಿ, ರುಚಿ ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಜ್ಜಿಯಂದಿರು ಅಪ್ಪೆಮಿಡಿಯ ತೊಟ್ಟು ಮುರಿದು ಸೊನೆಯನ್ನು ಮೂಸುತ್ತಾರೆ. ಜೀರಿಗೆ ಪರಿಮಳ ಇದೆಯೋ, ಬರೀ ಹುಳಿಯೋ ಎಂದು ತಕ್ಷಣ ಹೇಳಿಬಿಡುತ್ತಾರೆ. ಮರ ಯಾರ ಬೆಟ್ಟದ್ದು ಎಂದು ಮೂಗು ಕೇಳುವುದಿಲ್ಲ.

ದೊಡ್ಡ ವೈನ್ ಸ್ಪರ್ಧೆಗಳ ನಿಯಮವೂ ಇದೇ. ಬಾಟಲಿಯ ಹೆಸರು ಮುಚ್ಚಿ ಸಂಖ್ಯೆಯಷ್ಟನ್ನೇ ಕೊಡುತ್ತಾರೆ. ತೀರ್ಪುಗಾರರು ಬಣ್ಣ ನೋಡಿ, ಮೂಸಿ, ಬಾಯಲ್ಲಿ ಆಡಿಸಿ ಉಗುಳುತ್ತಾರೆ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ತೀರ್ಪುಗಾರರು ಹೀಗೆ ಅಂಕ ಕೊಟ್ಟಾಗ, ಕೆಂಪು, ಬಿಳಿ ಎರಡರಲ್ಲೂ ಗೆದ್ದದ್ದು ಅಮೆರಿಕದ ಕ್ಯಾಲಿಫೋರ್ನಿಯಾ! ಹೆಸರು ಕಾಣಿಸಿದ್ದರೆ ಹಾಗಾಗುತ್ತಿತ್ತೇ?

ಹಾಗೆಂದು ನಾಲಿಗೆಯೂ ತಕ್ಕಡಿಯಲ್ಲ. ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರಲ್ಲಿ ಒಂದೇ ಬಾಟಲಿಯ ವೈನನ್ನು ಗುಟ್ಟಾಗಿ ಮೂರು ಬಾರಿ ಕೊಟ್ಟು ಪರೀಕ್ಷಿಸಿದರು. ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೂರು ಸಲವೂ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು ಮಾತ್ರ.

ವಿದ್ಯಾರ್ಥಿಗಳೇ, ಪಬ್ಲಿಕ್ ಪರೀಕ್ಷೆಯ ಉತ್ತರಪತ್ರಿಕೆಯಲ್ಲೂ ನಿಮ್ಮ ಹೆಸರು ಕಾಣುವುದಿಲ್ಲ. ಅದು ನಿಮಗಿರುವ ರಕ್ಷಣೆ. ಆದರೂ ತಿದ್ದುವವರು ಮನುಷ್ಯರೇ. ಮರುಮೌಲ್ಯಮಾಪನದ ಅವಕಾಶ ಇಟ್ಟಿರುವುದು ಅದಕ್ಕೇ. ತಂದೆ ತಾಯಂದಿರೇ, ಎರಡು ಅಂಕ ಕಡಿಮೆಯಾಯಿತೆಂದು ಪಕ್ಕದ ಮನೆಯ ಹುಡುಗನೊಡನೆ ಮಗಳನ್ನು ತೂಗುವ ಮುನ್ನ ಇದನ್ನು ನೆನೆಯಿರಿ.

ಬೇಕಿದ್ದರೆ ಈ ಭಾನುವಾರ ಮನೆಯಲ್ಲೇ ನೋಡಿ. ಎರಡು ಜಾಡಿಯ ಮಿಡಿ ಉಪ್ಪಿನಕಾಯಿಯನ್ನು ಮೂರು ಬಟ್ಟಲಿಗೆ ಹಾಕಿ. ಒಂದು ಜಾಡಿಯದು ಎರಡು ಬಟ್ಟಲಲ್ಲಿರಲಿ. ಸಂಖ್ಯೆ ಬರೆದು ಅಪ್ಪನಿಂದ ಅಂಕ ಹಾಕಿಸಿ. ಒಂದೇ ಉಪ್ಪಿನಕಾಯಿಗೆ ಎರಡು ಬಗೆಯ ಅಂಕ ಬಿದ್ದರೆ ನಗಬೇಡಿ. ನಿಮ್ಮ ಅಂಕಪಟ್ಟಿಯನ್ನು ಆಗಲೇ ಮೆಲ್ಲಗೆ ಮುಂದಿಡಿ!