ಬೆಳಕಿಗೆ ಜಾತಿ ಇಲ್ಲವಂತೆ!

ಬೆಳಕಿಗೆ ಜಾತಿ ಇಲ್ಲ ಅಂತ ಹೇಳುವವರ ಕೈಯಲ್ಲೇ ಯಾವಾಗಲೂ ದೀಪದ ಸ್ವಿಚ್ಚು ಇರುತ್ತದೆ. ಫೋಟೋಗ್ರಫಿ ಕಲಿಯೋಕೆ ಅಂತ ಚಿತ್ರಕಲಾ ಶಾಲೆಗಳ ಮೆಟ್ಟಿಲು ಹತ್ತುತ್ತಿರುವ ನಮ್ಮ ಕೇರಿಯ ಹುಡುಗ ಹುಡುಗಿಯರು ಇದನ್ನು ಮೊದಲು ತಿಳಿದುಕೊಳ್ಳಬೇಕು.

ಸ್ಟುಡಿಯೋ ಅಂದರೆ ಏನು? ಒಂದು ಪರದೆ, ಎರಡು ದೀಪ, ಒಂದು ಮೇಜು. ಮೇಜಿನ ಮೇಲೆ ದ್ರಾಕ್ಷಿ ಗೊಂಚಲು, ಹಿತ್ತಾಳೆ ಚೊಂಬು, ಗಾಜಿನ ಲೋಟ. ಇದಕ್ಕೆ ಸ್ಟಿಲ್ ಲೈಫ್ ಅಂತಾರೆ. ಇಲ್ಲಿ ಆಕಾರ ಇದೆ, ಬಣ್ಣ ಇದೆ, ನೆರಳು ಇದೆ. ಜಾತಿ ಇಲ್ಲ, ರಾಜಕೀಯ ಇಲ್ಲ ಅಂತ ಪಾಠ ಶುರುವಾಗುತ್ತೆ. ಅದೇ ಬಾಯಲ್ಲಿ ನಮ್ಮ ಮಕ್ಕಳಿಗೆ ಇನ್ನೊಂದು ಮಾತು ಹೇಳ್ತಾರೆ: "ನಿಮಗೇನಪ್ಪಾ, ನಿಮ್ಮ ಜನರ ಬದುಕೇ ಇದೆ. ಕ್ಯಾಮೆರಾ ತಗೊಂಡು ನಿಮ್ಮ ಕೇರಿಗೆ ಹೋಗಿ, ಡಾಕ್ಯುಮೆಂಟ್ ಮಾಡಿ." ಎಷ್ಟು ಕರುಣೆ ನೋಡಿ! ದ್ರಾಕ್ಷಿ ಒಳಗೆ, ನಾವು ಹೊರಗೆ. ಹಿತ್ತಾಳೆ ಚೊಂಬಿಗೆ ನೆರಳು, ನಮಗೆ ಮಟಮಟ ಮಧ್ಯಾಹ್ನದ ಬಿಸಿಲು. ಊರು ಯಾವುದು, ಕೇರಿ ಯಾವುದು ಅಂತ ಸ್ಟುಡಿಯೋದ ಬಾಗಿಲಲ್ಲೇ ಮತ್ತೆ ಗೆರೆ ಎಳೆದಿದ್ದಾರೆ.

ನಾನು ಹೇಳೋದು ಇಷ್ಟೇ. ಸ್ಟುಡಿಯೋ ನಮಗೆ ಬೇಕು. ಬೀದಿಯಲ್ಲಿ ಬೆಳಕು ಸಿಕ್ಕಷ್ಟು, ಸಿಕ್ಕ ಹಾಗೆ. ಸ್ಟುಡಿಯೋದಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ. ದೀಪ ಎಲ್ಲಿ ಇಡಬೇಕು, ಯಾರನ್ನು ಕೂರಿಸಬೇಕು, ಯಾವುದು ಕತ್ತಲಲ್ಲಿ ಹೋಗಬೇಕು, ಎಲ್ಲವೂ ಒಬ್ಬರ ತೀರ್ಮಾನ. ತೀರ್ಮಾನ ಮಾಡೋ ಜಾಗ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನಾವು ಇರಬೇಕು.

ಈ ಸ್ಟಿಲ್ ಲೈಫಿನ ವಂಶಾವಳಿ ಸ್ವಲ್ಪ ಕೆದಕೋಣ. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಕಾಗದದ ನೆಗೆಟಿವ್ ಕಂಡುಹಿಡಿದವನು, ಲೇಕಾಕ್ ಎಂಬಲ್ಲಿಯ ಜಮೀನ್ದಾರ. 1844ರಿಂದ 1846ರವರೆಗೆ 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಪುಸ್ತಕವನ್ನು ಕಂತು ಕಂತಾಗಿ ಹೊರತಂದ. ಅದರ ಒಂದು ಚಿತ್ರದಲ್ಲಿ ಸಾಲುಸಾಲಾಗಿ ಜೋಡಿಸಿಟ್ಟ ಪಿಂಗಾಣಿ ಸಾಮಾನು. ಕಳ್ಳ ಬಂದು ಇವನ್ನು ಕದ್ದರೆ ಈ ಚಿತ್ರವೇ ಕೋರ್ಟಿನಲ್ಲಿ ಸಾಕ್ಷಿ ಆಗಬಹುದಲ್ಲ ಎಂಬ ಅರ್ಥದ ಮಾತನ್ನು ಅವನೇ ಅಲ್ಲಿ ಬರೆದಿದ್ದಾನೆ. ವಸ್ತುಚಿತ್ರ ಹುಟ್ಟಿದ ಹೊತ್ತಿಗೇ ಅದರ ತಲೆಯಲ್ಲಿ ಆಸ್ತಿಯ ಪಟ್ಟಿ ಇತ್ತು, ಪೊಲೀಸು ಇದ್ದ. ರಾಜಕೀಯ ಇಲ್ಲವಂತೆ!

ಅದೇ ಪುಸ್ತಕದಲ್ಲಿ ಇನ್ನೊಂದು ಚಿತ್ರ, 'ದಿ ಓಪನ್ ಡೋರ್'. ಅರ್ಧ ತೆರೆದ ಬಾಗಿಲು, ಅದಕ್ಕೆ ಒರಗಿಸಿಟ್ಟ ಒಂದು ಪೊರಕೆ. 1844ರಲ್ಲಿ ತೆಗೆದದ್ದು. ಅಂದಿನಿಂದ ಇಂದಿನವರೆಗೆ ಫೋಟೋಗ್ರಫಿಯ ಮೇಷ್ಟ್ರುಗಳು ಆ ಪೊರಕೆಯ ಓರೆಯನ್ನು, ಬಾಗಿಲ ಮೇಲೆ ಬಿದ್ದ ಅದರ ನೆರಳನ್ನು ಹೊಗಳುತ್ತಲೇ ಬಂದಿದ್ದಾರೆ. ಚಿತ್ರ ಚೆನ್ನಾಗಿದೆ, ನಾನೂ ಒಪ್ಪುತ್ತೇನೆ. ಆದರೆ ಸ್ವಾಮಿ, ಆ ಪೊರಕೆ ಹಿಡಿದ ಕೈ ಎಲ್ಲಿ? ಪೊರಕೆ ಕಲೆಯಾಯಿತು, ಕಸ ಗುಡಿಸಿದವರು ಚೌಕಟ್ಟಿನ ಹೊರಗೆ ನಿಂತರು. ನಮ್ಮ ನಾಡಿನಲ್ಲಿ ಪೊರಕೆ ಯಾರ ಕೈಯಲ್ಲಿರಬೇಕು ಅಂತ ಹುಟ್ಟುವ ಮೊದಲೇ ಬರೆದಿಟ್ಟಿದ್ದಾರೆ. ಪೊರಕೆಯನ್ನು ಬರೀ ಒಂದು ಆಕಾರ ಅಂತ ನೋಡೋ ಸುಖ ಅದನ್ನು ಹಿಡಿಯದವರಿಗೆ ಮಾತ್ರ ಸಿಗುವಂಥದ್ದು.

ಈಗ ಬೆಳಕಿನ ಶಾಸ್ತ್ರಕ್ಕೆ ಬರೋಣ. ಕ್ಯಾಮೆರಾದ ಒಳಗಿನ ಮೀಟರಿಗೆ ಕಣ್ಣಿಲ್ಲ. ಎದುರಿಗಿರುವುದೆಲ್ಲ ನಡುಬೂದು ಅಂದುಕೊಳ್ಳುತ್ತೆ. ಶೇಕಡ 18 ಬೆಳಕನ್ನು ಹಿಂದಕ್ಕೆ ಕೊಡುವ ಬೂದು ರಟ್ಟು ಹಿಡಿದು ಇದನ್ನೇ ಕಲಿಸುತ್ತಾರೆ. ಕರಿ ಕಂಬಳಿ ಮುಂದಿಟ್ಟರೂ ಬೂದು, ಬಿಳಿ ಪಂಚೆ ಮುಂದಿಟ್ಟರೂ ಬೂದು. ಅದನ್ನು ತಿದ್ದಬೇಕಾದವರು ನಾವು. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ಕಟ್ಟಿದ ಜೋನ್ ಸಿಸ್ಟಂ ಎಂಬ ಏಣಿ ಇದೆ. ಕಡುಕಪ್ಪಿಗೆ ಸೊನ್ನೆ, ಅಚ್ಚ ಬಿಳುಪಿಗೆ ಹತ್ತು. ಬಿಳಿಯರ ಚರ್ಮವನ್ನು ಆರನೆಯ ಮೆಟ್ಟಿಲಲ್ಲಿ ಇಡಿ ಅಂತ ಪಾಠ. ನಮ್ಮಲ್ಲಿ ಬಹಳ ಕಡೆ ಈ ಆರನೇ ಮೆಟ್ಟಿಲೇ ಮನುಷ್ಯರ ಮುಖದ ಮೆಟ್ಟಿಲು ಎಂಬಂತಾಗಿದೆ. ಏಣಿಯಲ್ಲಿ ತಪ್ಪಿಲ್ಲ. ಯಾವ ಬಣ್ಣವನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸಬೇಕು ಅಂತ ಚಿತ್ರ ತೆಗೆಯುವವರೇ ತೀರ್ಮಾನಿಸಬಹುದು ಅನ್ನುವುದೇ ಆ ಶಾಸ್ತ್ರದ ತಿರುಳು. ಆದರೆ ಮೆಟ್ಟಿಲು ಕಂಡ ಕೂಡಲೇ ಮೇಲಿನದಕ್ಕೆ ಒಬ್ಬರನ್ನು, ಕೆಳಗಿನದಕ್ಕೆ ಇನ್ನೊಬ್ಬರನ್ನು ಖಾಯಂ ಮಾಡುವ ಚಾಳಿ ಈ ದೇಶಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಡಾಕ್ ಕಂಪನಿಯ ಕಥೆ ಕೇಳಿ. ಕಲರ್ ಪ್ರಿಂಟು ಸರಿ ಇದೆಯೇ ಅಂತ ಲ್ಯಾಬುಗಳಲ್ಲಿ ಹೋಲಿಸಿ ನೋಡೋಕೆ ಆ ಕಂಪನಿ ಒಂದು ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಣ್ಣುಮಗಳ ಚಿತ್ರ. ಅದಕ್ಕೆ ಶರ್ಲಿ ಕಾರ್ಡ್ ಅಂತ ಹೆಸರಾಯಿತು. ಆಕೆಯ ಚರ್ಮ ಸರಿ ಬಂದರೆ ಜಗತ್ತೇ ಸರಿ! ಕರಿಯರ ಮಕ್ಕಳು ಬಿಳಿಯ ಮಕ್ಕಳ ಪಕ್ಕ ನಿಂತು ತೆಗೆಸಿಕೊಂಡ ಶಾಲೆಯ ಫೋಟೋಗಳಲ್ಲಿ ಹಲ್ಲು ಮತ್ತು ಕಣ್ಣು ಬಿಟ್ಟರೆ ಬೇರೇನೂ ಸರಿಯಾಗಿ ಕಾಣುತ್ತಿರಲಿಲ್ಲ. ತಾಯಂದಿರು ದೂರಿದರು. ಕಂಪನಿ ಕಿವುಡಾಯಿತು. ಆಮೇಲೆ ಇಬ್ಬರು ದೂರು ತಂದರು. ಒಬ್ಬರು ಚಾಕೊಲೇಟ್ ಮಾಡುವವರು, ಇನ್ನೊಬ್ಬರು ಮರದ ಪೀಠೋಪಕರಣ ಮಾಡುವವರು. ನಮ್ಮ ಕಪ್ಪು ಚಾಕೊಲೇಟಿಗೂ ಹಾಲಿನ ಚಾಕೊಲೇಟಿಗೂ ವ್ಯತ್ಯಾಸ ಕಾಣ್ತಿಲ್ಲ, ತೇಗಕ್ಕೂ ಇನ್ನೊಂದು ಮರಕ್ಕೂ ವ್ಯತ್ಯಾಸ ಕಾಣ್ತಿಲ್ಲ ಅಂದರು. ಆಗ ಕಂಪನಿಯ ಕಿವಿ ತೆರೆಯಿತು, ಕಂದು ಬಣ್ಣಗಳ ಬಗ್ಗೆ ಸಂಶೋಧನೆ ನಡೆಯಿತು. ಕಂಪನಿಯ ಒಳಗಿದ್ದವರನ್ನೇ ಮಾತಾಡಿಸಿ ಕೆನಡಾದ ವಿದ್ವಾಂಸೆ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೆಲ್ಲ ಇದೆ.

ಗೆಳೆಯರೇ, ಇದನ್ನು ಇನ್ನೊಮ್ಮೆ ಓದಿ. ಮನುಷ್ಯರ ಮಕ್ಕಳ ಮುಖಕ್ಕೆ ಸಿಗದ ನ್ಯಾಯ ಕುರ್ಚಿಗೆ ಸಿಕ್ಕಿತು, ಮಿಠಾಯಿಗೆ ಸಿಕ್ಕಿತು. ಸ್ಟಿಲ್ ಲೈಫ್ ಗೆದ್ದಿತು, ಲೈಫ್ ಸೋತಿತು.

ಇದು ಅಮೆರಿಕದ ಮಾತು, ನಮಗೇನು ಅಂತೀರಾ? ನಮ್ಮಲ್ಲಿ ಜಾಹೀರಾತಿಗೆ ಕಪ್ಪು ಬೂಟಿನ ಚಿತ್ರ ತೆಗೆಯುವುದನ್ನು ನೋಡಿ. ಕಪ್ಪು ಚರ್ಮಕ್ಕೆ ನೇರವಾಗಿ ದೀಪ ಹೊಡೆದರೆ ಒಂದು ಚುಕ್ಕೆ ಹೊಳೆದು ಉಳಿದದ್ದು ಮಸಿಯಾಗುತ್ತೆ. ಆದ್ದರಿಂದ ಅಗಲವಾದ ಬಿಳಿ ಬಟ್ಟೆಗೆ ಬೆಳಕು ಹಾಯಿಸಿ, ಆ ಬಟ್ಟೆಯ ಹೊಳಪು ಬೂಟಿನ ಮೈಮೇಲೆ ಹರಿಯುವ ಹಾಗೆ ಮಾಡಬೇಕು. ಪಕ್ಕಕ್ಕೊಂದು ಬಿಳಿ ರಟ್ಟು, ಹಿಂದೊಂದು ಚಿಕ್ಕ ದೀಪ. ಅರ್ಧ ದಿನದ ಕೆಲಸ. ಆಗ ಹೊಲಿಗೆಯ ಒಂದೊಂದು ದಾರವೂ ಕಾಣುತ್ತೆ. ಸರಿ. ಆ ಬೂಟು ಹೊಲಿದವನ ಮುಖವೂ ಕಪ್ಪೇ ಅಲ್ವಾ? ಅವನಿಗೆ ಯಾವ ಬಟ್ಟೆ ಕಟ್ಟಿದಿರಿ? ಅವನಿಗೆ ಸಿಕ್ಕಿದ್ದು ರಸ್ತೆ ಪಕ್ಕದ ಬಿಸಿಲಿನಲ್ಲಿ ಸೆಕೆಂಡಿನ ಇನ್ನೂರೈವತ್ತರಲ್ಲಿ ಒಂದು ಭಾಗ! ಬೂಟಿನ ಚರ್ಮಕ್ಕೆ ಗೊತ್ತಿರುವ ವಿದ್ಯೆ ಮನುಷ್ಯನ ಚರ್ಮಕ್ಕೆ ಬಂದ ಕೂಡಲೇ ಮರೆತುಹೋಗುತ್ತೆ. ಆಮೇಲೆ ಕಪ್ಪು ಮುಖ ಫೋಟೋಗೆ ಚೆನ್ನಾಗಿ ಬರಲ್ಲ ಅಂತಾರೆ. ಬರಲ್ಲ ಅಲ್ಲ ಸ್ವಾಮಿ, ನೀವು ತರಲಿಲ್ಲ.

ಇನ್ನು ಮಡಿ ಮೈಲಿಗೆಯ ಮಾತು. ಫಿಲಂ ಮೇಲೆ, ಹಳೆಯ ಕಪ್ಪು ಬಿಳುಪು ಕಾಗದದ ಮೇಲೆ ಬೆಳ್ಳಿಯ ಕಣಗಳನ್ನು ಹಿಡಿದು ನಿಲ್ಲಿಸುವುದು ಜೆಲಟಿನ್. ಅದನ್ನು ಮಾಡುವುದು ದನದ ಮೂಳೆಯಿಂದ, ತೊಗಲಿನಿಂದ. ಕೊಡಾಕ್‌ನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ 1925ರ ಹೊತ್ತಿಗೆ ಇನ್ನೊಂದು ಗುಟ್ಟು ಹೊರಗೆ ಹಾಕಿದ. ದನ ಮೇಯ್ದ ಸಾಸಿವೆ ಜಾತಿಯ ಗಿಡಗಳಿಂದ ಬಂದ ಗಂಧಕದ ಅಂಶ ಜೆಲಟಿನ್ನಿನಲ್ಲಿ ಉಳಿದಿರುತ್ತೆ, ಫಿಲಂ ಬೆಳಕಿಗೆ ಅಷ್ಟು ಚುರುಕಾಗುವುದು ಅದರಿಂದ. ಅಗ್ರಹಾರದ ನಡುಮನೆಯಲ್ಲಿ ಗಂಧದ ಹಾರ ಹಾಕಿಕೊಂಡು ಕೂತಿರುವ ಮುತ್ತಜ್ಜನ ಫೋಟೋ ಇದೆಯಲ್ಲ, ಆತ ಕೂತಿರುವುದು ದನದ ಮೂಳೆಯ ಮೇಲೆ! ಸತ್ತ ದನವನ್ನು ಹೊತ್ತು, ತೊಗಲು ಬಿಡಿಸಿ, ಮೂಳೆ ಆಯ್ದವರನ್ನು ಹೊಸಿಲಿನಾಚೆ ನಿಲ್ಲಿಸಿದರು. ಮೂಳೆ ಮಾತ್ರ ಚೌಕಟ್ಟು ಹಾಕಿಸಿಕೊಂಡು ಒಳಗೆ ಹೋಯಿತು. ಈ ಪಾಠ ಯಾವ ಸ್ಟುಡಿಯೋದಲ್ಲಿ ಹೇಳ್ಕೊಡ್ತಾರೆ?

ನಮ್ಮ ಜನ ಕ್ಯಾಮೆರಾದ ಮುಂದೆ ನಿಂತೇ ಇಲ್ಲ ಅಂತಲ್ಲ. ನಿಲ್ಲಿಸಿದ್ದಾರೆ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಅಂತ 8 ಸಂಪುಟ ಹೊರಡಿಸಿತು. ಅದರಲ್ಲಿ ಮನುಷ್ಯರನ್ನು ಜಾತಿ, ಬುಡಕಟ್ಟಿನ ನಮೂನೆಗಳಾಗಿ ಜೋಡಿಸಿದ್ದಾರೆ, ಪಿಂಗಾಣಿ ಸಾಮಾನು ಜೋಡಿಸಿದ ಹಾಗೇ. ಒಳ್ಳೆಯವರ ಮಾತೂ ಹೇಳಬೇಕು. ಅಮೆರಿಕದ ಅರ್ವಿಂಗ್ ಪೆನ್ 1950 ಮತ್ತು 1951ರಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ನ ಕಸುಬಿನವರನ್ನು ಕೆಲಸದ ಬಟ್ಟೆಯಲ್ಲೇ, ಕೈಯಲ್ಲಿ ಹತಾರ ಹಿಡಿಸಿ ಸ್ಟುಡಿಯೋಗೆ ಕರೆದ. ಶ್ರೀಮಂತರಿಗೆ ಹಾಸಿದ ಅದೇ ಪರದೆ, ಅದೇ ಬೆಳಕು. ಇದು ದೊಡ್ಡ ಕೆಲಸ, ನಮ್ಮ ಹುಡುಗರು ಕಣ್ಣಿಟ್ಟು ನೋಡಬೇಕು. ಆದರೂ ಆ ಚಿತ್ರಗಳ ಕೆಳಗೆ ಮೀನು ಮಾರುವವನು, ರೊಟ್ಟಿ ಸುಡುವವರು ಅಂತ ಕಸುಬಿನ ಹೆಸರು ಇದೆ, ಅವರ ಹೆಸರಿಲ್ಲ. ಕಸುಬನ್ನೇ ಹೆಸರು ಮಾಡಿ ಕರೆದರೆ ಎಲ್ಲಿ ಉರಿಯುತ್ತೆ ಅಂತ ನಮಗೆ ಗೊತ್ತು.

ಸ್ಟುಡಿಯೋದ ಬಲ ಗೊತ್ತಿದ್ದವನು ಫ್ರೆಡರಿಕ್ ಡಗ್ಲಾಸ್. ಗುಲಾಮನಾಗಿ ಹುಟ್ಟಿ 1838ರಲ್ಲಿ ತಪ್ಪಿಸಿಕೊಂಡು ಬಂದವನು. ಹತ್ತೊಂಬತ್ತನೆಯ ಶತಮಾನದಲ್ಲಿ ಅವನಷ್ಟು ಫೋಟೋ ತೆಗೆಸಿಕೊಂಡ ಅಮೆರಿಕನ್ ಇನ್ನೊಬ್ಬನಿಲ್ಲ ಅಂತಾರೆ. ಸುಮಾರು 160 ಚಿತ್ರ ಸಿಕ್ಕಿವೆ. ಒಳ್ಳೆ ಕೋಟು, ನೆಟ್ಟ ನೋಟ, ನಗು ಅಪರೂಪ. ಕರಿಯರನ್ನು ಹಲ್ಲು ಕಿರಿಯುವ ಗೊಂಬೆಗಳಾಗಿ ಬರೆದವರಿಗೆ ಅವನ ಮುಖವೇ ಉತ್ತರ. ಫೋಟೋಗ್ರಫಿಯ ಬಗ್ಗೆ ಭಾಷಣಗಳನ್ನೂ ಮಾಡಿದ. ಬಾಬಾಸಾಹೇಬರ ಸೂಟು ಬೂಟಿನ ಫೋಟೋ ನಮ್ಮ ಗುಡಿಸಲುಗಳ ಗೋಡೆಯಲ್ಲಿ ಮಾಡುತ್ತಿರುವುದೂ ಇದೇ ಕೆಲಸ. ಹೋಬಳಿ ಪೇಟೆಯ ಹಳೆ ಸ್ಟುಡಿಯೋಗಳಲ್ಲಿ ಗೂಟಕ್ಕೆ ಒಂದು ಕೋಟು, ಗೋಡೆಗೆ ಒಂದು ಕನ್ನಡಿ, ಬಾಚಣಿಗೆ, ಪೌಡರು ಇಟ್ಟಿರುತ್ತಿದ್ದರು. ಕೂಲಿಯವನು ಆ ಕೋಟು ತೊಟ್ಟು ಬಣ್ಣದ ಪರದೆಯ ಮುಂದೆ ಕುರ್ಚಿ ಮೇಲೆ ಕೂತು ಫೋಟೋ ತೆಗೆಸಿಕೊಂಡ. ಊರಲ್ಲಿ ಯಾರ ಮನೆಯ ಜಗಲಿಯಲ್ಲೂ ಅವನಿಗೆ ಕುರ್ಚಿ ಇರಲಿಲ್ಲ. ಕಲಾವಿಮರ್ಶಕರು ಅದನ್ನು ನೋಡಿ ಕೃತಕ ಅಂತ ನಗ್ತಾರೆ, ಅವನು ಬರಿಮೈಯಲ್ಲಿ ಬೆವರು ಸುರಿಸೋ ಚಿತ್ರ ಸಹಜ ಅಂತಾರೆ. ಯಾವುದು ಸಹಜ ಅಂತ ಹೇಳೋಕೆ ಇವರು ಯಾರು? ನಮ್ಮ ಅವಮಾನ ಇವರಿಗೆ ಸಹಜ, ನಮ್ಮ ಕೋಟು ಇವರಿಗೆ ನಾಟಕ!

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ನಾಡು ಹತ್ತಿ ಉರಿಯಿತು. ಜೀವ ಇದ್ದವರ ಕೈಯನ್ನು ಕತ್ತರಿಸಿ ಬರೀ ಚೊಂಬು ತೋರಿಸುವ ಈ ಸ್ಟಿಲ್ ಲೈಫಿನ ಪಾಠವೂ ಬೂಸಾ. ಬೂಸಾ ಅಂದ ಮಾತ್ರಕ್ಕೆ ನಾವು ಕಲಿಯುವುದು ಬಿಡಬೇಕಾಗಿಲ್ಲ. ಕಾಳು ನಮ್ಮದು, ಅದನ್ನು ತೆಗೆದುಕೊಳ್ಳೋಣ.

ಆದ್ದರಿಂದ ನಮ್ಮ ಬೇಡಿಕೆ ಕೇಳಿ. ಸ್ಟುಡಿಯೋ ಪಾಠ ಮೊದಲ ದಿನವೇ ಕಪ್ಪು ಮುಖದಿಂದ ಶುರುವಾಗಬೇಕು, ಕೊನೆಯ ವಾರದ ವಿಶೇಷ ಪಾಠವಾಗಿ ಬರಬಾರದು. ಮೇಜಿನ ಮೇಲೆ ಉಳಿ, ರಂಪಿಗೆ, ಪೊರಕೆ, ತಮಟೆ ಬರಬೇಕು. ಅವುಗಳ ಜೊತೆಗೆ ಅವನ್ನು ಹಿಡಿದವರು ಬರಬೇಕು. ಚಿತ್ರದ ಕೆಳಗೆ ಅವರು ಒಪ್ಪಿ ಹೇಳಿದ ಹೆಸರು ಬರಬೇಕು. ಯಾವ ಬಟ್ಟೆಯಲ್ಲಿ, ಯಾವ ಭಂಗಿಯಲ್ಲಿ ಅನ್ನುವುದು ಕೂತವರ ತೀರ್ಮಾನ. ದೀಪ, ಲೆನ್ಸು ಕೊಳ್ಳಲಾಗದ ಮಕ್ಕಳಿಗೆ ಶಾಲೆಯ ದೀಪ, ಲೆನ್ಸು ರಾತ್ರಿಯೂ ಸಿಗಬೇಕು. ಬೀಗ ಹಾಕಿಟ್ಟ ದೀಪದಿಂದ ಯಾರಿಗೂ ಬೆಳಕಿಲ್ಲ.

ಅಲ್ಲಿಯವರೆಗೆ ನಮ್ಮ ಹುಡುಗ ಹುಡುಗಿಯರು ಕಾಯಬೇಕಾಗಿಲ್ಲ. ಒಂದು ಕಿಟಕಿ, ಅದಕ್ಕೆ ಕಟ್ಟಲು ಒಗೆದ ಪಂಚೆ, ಎದುರು ಹಿಡಿಯಲು ಒಂದು ತುಂಡು ಥರ್ಮಾಕೋಲು ಸಾಕು. ಬೆಳಕು ಅಳೆಯೋಕೆ ಒಂದು ಹಳೆಯ ಉಪಾಯ ಇದೆ. ಮುಖ ಎಷ್ಟೇ ಕಪ್ಪಿರಲಿ, ಎಷ್ಟೇ ಬಿಳುಪಿರಲಿ, ಮನುಷ್ಯರ ಅಂಗೈ ಬೆಳಕನ್ನು ಹಿಂದಕ್ಕೆ ಕೊಡುವುದು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ, ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ಹೆಚ್ಚು. ಬೂದು ರಟ್ಟು ಇಲ್ಲದಿದ್ದರೆ ಅಂಗೈ ಹಿಡಿದು ಅಳೆಯಿರಿ, ಒಂದು ಸ್ಟಾಪ್ ತೆರೆಯಿರಿ. ಜೀತದವನ ಅಂಗೈ, ಧಣಿಯ ಅಂಗೈ ಮೀಟರಿಗೆ ಒಂದೇ. ಇನ್ನೊಂದು ನಿಯಮ: ಚಿಕ್ಕ ದೀಪ ಎರಡರಷ್ಟು ದೂರ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಕೇರಿ ಯಾಕೆ ಕತ್ತಲಲ್ಲಿದೆ ಅಂತ ಕೇಳುವವರಿಗೆ ಈ ಲೆಕ್ಕ ಹೇಳಿ. ಕೇರಿಯ ಕಣ್ಣಲ್ಲಿ ದೋಷ ಇಲ್ಲ, ದೀಪವನ್ನು ದೂರ ಇಟ್ಟಿದ್ದಾರೆ.

ಆ ದೀಪಕ್ಕೆ ಕಾಲು ಇಲ್ಲ. ಎತ್ತಿ ತರಬೇಕು. ಬನ್ನಿ, ಕೈ ಹಾಕಿ.